ಲಿಫ್ಟ್ ಕಿಟ್ ಆಮೇಲೆ, ಮೊದಲು ಗಾಡಿ ಕೆಳಗೆ ಮಲಗಿ

ಫೋರ್ ವೀಲ್ ಡ್ರೈವ್ ಗಾಡಿ ಮನೆಗೆ ಬಂದ ವಾರಕ್ಕೇ ತಲೆಯಲ್ಲಿ ಪಟ್ಟಿ ಶುರುವಾಗುತ್ತದೆ. ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ದಪ್ಪ ಬಂಪರ್, ಹೂತ ಗಾಡಿ ಎಳೆಯುವ ವಿಂಚ್, ಇಂಜಿನ್ನಿಗೆ ಎತ್ತರದಿಂದ ಗಾಳಿ ಕೊಡುವ ಸ್ನಾರ್ಕೆಲ್, ಚಾವಣಿ ಮೇಲೊಂದು ಸಾಲು ಲೈಟು. ಎಲ್ಲವೂ ಫೋಟೋದಲ್ಲಿ ಚೆನ್ನಾಗಿ ಕಾಣುವಂಥವು. ಆದರೆ ಕೆಸರುದಾರಿಯಲ್ಲಿ ಗಾಡಿ ಕೈಕೊಡುವುದು ಹೆಚ್ಚಾಗಿ ಅಡಿಭಾಗದಲ್ಲಿ. ಅದಕ್ಕೇ ಒಂದು ಹಳೆ ಚಾಪೆ ಹಾಸಿ, ಟಾರ್ಚ್ ಹಿಡಿದು ಕೆಳಗೆ ತೂರಿಕೊಳ್ಳಿ. ಕೆಲಸ ಅಲ್ಲಿಂದಲೇ ಶುರು.

ಆಕ್ಸಲ್ ಉಸಿರಾಡಲಿ

ಹಿಂದಿನ ಆಕ್ಸಲ್, ಅಂದರೆ ಎರಡು ಚಕ್ರಗಳ ನಡುವಿನ ಅಡ್ಡ ತೊಲೆಯ ಮೇಲ್ಭಾಗದಲ್ಲಿ ಬೆರಳ ತುದಿಯಷ್ಟು ದೊಡ್ಡ ಮುಚ್ಚಳವೊಂದು ಕಾಣಬಹುದು. ಕೆಲವು ಗಾಡಿಗಳಲ್ಲಿ ಅಲ್ಲಿಂದ ಸಣ್ಣ ಪೈಪು ಹೊರಟಿರುತ್ತದೆ. ಅದೇ ಬ್ರೀದರ್. ಓಡಿ ಓಡಿ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರುಗಳ ಗೂಡು) ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಇದರ ಮೂಲಕ ಹೊರಗೆ ಹೋಗುತ್ತದೆ. ಈಗ ಆ ಬಿಸಿ ಆಕ್ಸಲ್ ತಣ್ಣನೆಯ ಹಳ್ಳಕ್ಕೆ ಇಳಿಯಿತು ಅಂದುಕೊಳ್ಳಿ. ಒಳಗಿನ ಗಾಳಿ ತಟ್ಟನೆ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಹೊರಗಿರುವುದು ನೀರು ಅಲ್ವಾ? ಬ್ರೀದರ್‌ನಲ್ಲಿ ಕೆಸರು ಕಟ್ಟಿದ್ದರೆ ಆ ನೀರು ಆಯಿಲ್ ಸೀಲ್‌ಗಳ ಸಂದಿಯಿಂದಲೇ ನುಗ್ಗುತ್ತದೆ.

ಪರಿಹಾರ ಸುಲಭ. ಆಯಿಲ್ ತಡೆಯುವ ರಬ್ಬರ್ ಪೈಪನ್ನು ಬ್ರೀದರ್ ಜಾಗಕ್ಕೆ ಜೋಡಿಸಿ ಎತ್ತರಕ್ಕೆ ಒಯ್ಯಿರಿ. ಮುಂದಿನ ಆಕ್ಸಲ್‌ನದು ಬಾನೆಟ್ ಒಳಗಿನ ಮೇಲ್ಭಾಗಕ್ಕೆ, ಹಿಂದಿನದು ಟೈಲ್ ಲೈಟ್ ಹಿಂಬದಿಗೆ. ತುದಿಗೆ ಒಂದು ಪುಟ್ಟ ಫಿಲ್ಟರ್, ಬಾಯಿ ಕೆಳಮುಖವಾಗಿ. ಸೈಲೆನ್ಸರ್ ಪೈಪಿಗೆ ತಾಗದಂತೆ ಕಟ್ಟಿ. ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ, ಹಾಗಾಗಿ ಪೈಪನ್ನು ಸ್ವಲ್ಪ ಸಡಿಲ ಬಿಡಿ. ಬಿಗಿಯಾಗಿ ಕಟ್ಟಿದರೆ ಮೊದಲ ದೊಡ್ಡ ಗುಂಡಿಯಲ್ಲೇ ಕಿತ್ತುಬರುತ್ತದೆ.

ಆಯಿಲ್ ನೋಡುವ ಕ್ರಮ

ನೀರಲ್ಲಿ ಆಕ್ಸಲ್ ಮುಳುಗಿದ ಪ್ರತಿ ಸಲವೂ ಇದನ್ನು ಮಾಡಿ. ರಾತ್ರಿಯಿಡೀ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಬೆರೆಯದೆ ಉಳಿದ ನೀರು ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ತಳದ ಡ್ರೈನ್ ಪ್ಲಗ್ಗನ್ನು ತುಸುವೇ ಸಡಿಲಿಸಿ ಮೊದಲ ಹನಿಗಳನ್ನು ನೋಡಿ. ನೀರು ಬಂದರೆ, ಅಥವಾ ಆಯಿಲ್ ಹಾಲು ಬೆರೆತ ಹಾಗೆ ಬೆಳ್ಳಗಿದ್ದರೆ, ಪೂರ್ತಿ ಬದಲಿಸಬೇಕು. ಇನ್ನೊಂದು ಟ್ರಿಪ್ ಆಗಲಿ ಅನ್ನಬೇಡಿ. ಬೇರಿಂಗ್‌ಗಳಿಗೆ ತುಕ್ಕು ಹಿಡಿಯಲು ಜಾಸ್ತಿ ದಿನ ಬೇಕಿಲ್ಲ.

ಇಲ್ಲೊಂದು ಮಾತು. ಡ್ರೈನ್ ಪ್ಲಗ್ಗಿಗೆ ಕೈ ಹಾಕುವ ಮೊದಲು, ಮೇಲಿನ ಫಿಲ್ ಪ್ಲಗ್ ಬಿಚ್ಚುತ್ತದಾ ನೋಡಿ. ನಾನು ಒಮ್ಮೆ ಉತ್ಸಾಹದಲ್ಲಿ ಕೆಳಗಿನದನ್ನು ಬಿಚ್ಚಿ ಆಯಿಲ್ ಎಲ್ಲ ಬಸಿದೆ. ಆಮೇಲೆ ಮೇಲಿನದಕ್ಕೆ ಸ್ಪ್ಯಾನರ್ ಹಾಕಿದರೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಖಾಲಿ ಡಿಫರೆನ್ಷಿಯಲ್ ಇಟ್ಟುಕೊಂಡು ಗಾಡಿಯನ್ನು ಗ್ಯಾರೇಜಿಗೆ ಓಡಿಸುವಂತೆಯೂ ಇಲ್ಲ. ಎರಡು ದಿನ ಸುಮ್ನೆ ಅದನ್ನೇ ನೋಡುತ್ತಾ ಕೂತಿದ್ದೆ.

ಡ್ರೈನ್ ಪ್ಲಗ್ಗಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದರ ಮೇಲಿನದನ್ನು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣನೆಯ ಬೂದುಬಣ್ಣದ ಅಂಟು ಮಾಮೂಲಿ ಸವೆತ. ಚೂರು ಚೂರು ಲೋಹ ಸಿಕ್ಕರೆ ಮೆಕ್ಯಾನಿಕ್‌ಗೆ ತೋರಿಸಿ. ಹೊಸ ಆಯಿಲ್ ಮ್ಯಾನ್ಯುಯಲ್ ಹೇಳಿದ ದರ್ಜೆಯದ್ದೇ ಇರಲಿ. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಕು. ಅದನ್ನೇ ಜಿಎಲ್-4 ಕೇಳುವ ಗೇರ್‌ಬಾಕ್ಸಿಗೂ ಸುರಿದರೆ ಗೇರು ನಯವಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳು ಹಾಳಾಗಬಹುದು.

ಚಾಪೆ ಮೇಲೆ ಇರುವಾಗಲೇ ಗ್ರೀಸ್ ಗನ್ ತೆಗೆದುಕೊಳ್ಳಿ. ಇಂಜಿನ್ ಶಕ್ತಿಯನ್ನು ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್‌ಗಳಲ್ಲಿ ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ, ಅಂಚಿನಿಂದ ಹಳೆ ಗ್ರೀಸ್ ಹೋಗಿ ಹೊಸದು ಕಾಣುವವರೆಗೆ ತುಂಬಿ.

ಟೈರು, ಗಾಳಿ

ಒಂದೇ ಒಂದು ಮಾರ್ಪಾಡಿಗೆ ದುಡ್ಡಿದೆ ಅಂದರೆ ಟೈರಿಗೆ ಹಾಕಿ. ಡಾಂಬರು, ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್ ಟೈರು ಬಹುತೇಕರಿಗೆ ಸಾಕು. ಕೆಸರಿಗೆಂದೇ ಇರುವ ಮಡ್ ಟೆರೇನ್ ಟೈರು ಡಾಂಬರಿನ ಮೇಲೆ ಗುಂಯ್‌ಗುಡುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತವೂ ಕಡಿಮೆ. ಅಳತೆ ಬದಲಿಸುವ ಮುಂಚೆ ಲೆಕ್ಕ ಹಾಕಿ. 245/70 ಆರ್16 ತೆಗೆದು 265/70 ಆರ್16 ಹಾಕಿದರೆ ಟೈರಿನ ಎತ್ತರ 28 ಮಿ.ಮೀ. ಹೆಚ್ಚುತ್ತದೆ. ಆಕ್ಸಲ್ ಏರುವುದು ಅದರ ಅರ್ಧ, 14 ಮಿ.ಮೀ. ಸ್ಪೀಡೋಮೀಟರ್ ಓದಿನಲ್ಲಿ ಸುಮಾರು ಶೇ 4ರಷ್ಟು ವ್ಯತ್ಯಾಸ ಬರುತ್ತದೆ.

ಇನ್ನು ಗಾಳಿ ಇಳಿಸುವುದು. ಕಲ್ಲುಮಣ್ಣಿನ ದಾರಿಗೆ 25 ಪಿಎಸ್ಐ ಆಸುಪಾಸು, ಮೆತ್ತನೆ ಮರಳಿಗೆ 15ರಿಂದ 18. ಟೈರು ಚಪ್ಪಟೆಯಾಗಿ ಉದ್ದಕ್ಕೆ ನೆಲ ಹಿಡಿಯುತ್ತದೆ. ಆದರೆ ವೇಗ ತಗ್ಗಿಸಬೇಕು, ತಿರುವಿನಲ್ಲಿ ಸ್ಟೀರಿಂಗ್ ರಪ್ಪನೆ ಎಳೆಯಬಾರದು. ಇಲ್ಲದಿದ್ದರೆ ಟೈರು ರಿಮ್ಮಿನಿಂದ ಕಳಚುತ್ತದೆ. ಟಾರು ರಸ್ತೆ ಹತ್ತುವ ಮುಂಚೆ ಮತ್ತೆ ಗಾಳಿ ತುಂಬಿ. ಹಾಗಾಗಿ ಕಂಪ್ರೆಸರ್ ಇಲ್ಲದೆ ಗಾಳಿ ಇಳಿಸಲು ಹೋಗಲೇಬೇಡಿ.

ಈಗ ಬೇಕಿದ್ದರೆ ಲಿಫ್ಟ್

ಎರಡು ಇಂಚು ಲಿಫ್ಟ್ ಮಾಡಿದರೆ ಬಾಡಿ ಮೇಲೇಳುತ್ತದೆ. ಆದರೆ ಸಾಲಿಡ್ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್) ಇರುವ ಗಾಡಿಯಲ್ಲಿ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ದೊಡ್ಡ ಟೈರು ಮಾತ್ರ. ಲಿಫ್ಟಿನ ಜೊತೆಗೆ ಬ್ರೇಕ್ ಹೋಸಿನ ಉದ್ದ, ಶಾಫ್ಟಿನ ಕೋನ, ವೀಲ್ ಅಲೈನ್‌ಮೆಂಟ್ ಮೂರನ್ನೂ ನೋಡಿಸಿ. ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ವಾಲುತ್ತದೆ. ಅದರ ಮೇಲೆ ಚಾವಣಿಗೂ ಭಾರ ಹೇರಿದರೆ ಕೇಳಲೇಬೇಡಿ. ನಿಮ್ಮಲ್ಲಿನ ವಾಹನ ನಿಯಮ ಮತ್ತು ವಿಮೆ ಇದಕ್ಕೆಲ್ಲ ಏನು ಹೇಳುತ್ತವೆ ಅಂತ ಮೊದಲೇ ವಿಚಾರಿಸಿ.

ಸ್ನಾರ್ಕೆಲ್ ಹಾಕಿಸಿದರೆ ಒಂದು ಪರೀಕ್ಷೆ ಮಾಡಿ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಅದರ ಬಾಯಿಯನ್ನು ಗಟ್ಟಿ ಹಲಗೆಯಿಂದ ಕ್ಷಣಕಾಲ ಪೂರ್ತಿ ಮುಚ್ಚಿ. ಇಂಜಿನ್ ಉಸಿರುಗಟ್ಟಿ ನಿಲ್ಲಲು ಹೊರಡಬೇಕು. ಏನೂ ಆಗದಂತೆ ಓಡುತ್ತಿದ್ದರೆ ಎಲ್ಲೋ ಸಂದಿ ಇದೆ, ನೀರೂ ಅಲ್ಲಿಂದಲೇ ಬರುತ್ತದೆ.

ಹೂತ ಗಾಡಿ ಎಳೆಯಲು ಮುಂದೆ ಹಿಂದೆ ಛಾಸಿಗೆ ಬೋಲ್ಟ್ ಮಾಡಿದ, ಭಾರದ ಮಿತಿ ನಮೂದಿಸಿದ ಕೊಂಡಿಗಳನ್ನು ಹಾಕಿಸಿ. ಟ್ರೇಲರ್ ಕಟ್ಟುವ ಟೋ ಬಾಲ್‌ಗೆ ಪಟ್ಟಿ ಸಿಕ್ಕಿಸಿ ಜಗ್ಗಬೇಡಿ. ಅದು ಮುರಿದರೆ ಗುಂಡಿನಂತೆ ಹಾರುತ್ತದೆ. ಜನ ಸತ್ತಿದ್ದಾರೆ.

ಹೊಸದಾಗಿ ಏನೇ ಜೋಡಿಸಿದರೂ, ಸರಿಯಾದ ಟಾರ್ಕಿಗೆ ಬಿಗಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. 100 ಕಿ.ಮೀ. ಓಡಿಸಿ ಮತ್ತೆ ಚಾಪೆ ಹಾಸಿ ನೋಡಿ. ಗೆರೆ ಮುರಿದು ಎರಡು ಕಡೆಗೆ ಸರಿದಿದ್ದರೆ ಆ ಬೋಲ್ಟು ತಿರುಗಿದೆ.