ಮಂಚದ ಕೆಳಗಿನ ಬ್ಯಾಟರಿ

ನಮ್ಮದು ಹಳೇ ಟೆಂಪೋ ಟ್ರಾವೆಲರ್. ಸೀಟು ಕಿತ್ತು ಮಂಚ, ಸಣ್ಣ ಫ್ರಿಜ್, ಫ್ಯಾನ್ ಹಾಕಿಸಿಕೊಂಡಿದ್ದೇವೆ. ಹೋದ ಬೇಸಿಗೆಯಲ್ಲಿ ವಾಣಿವಿಲಾಸ ಸಾಗರದ ಹತ್ತಿರ ರಾತ್ರಿ ಎರಡಕ್ಕೆ ಫ್ಯಾನ್ ನಿಂತಿತು. ಮೀಟರ್ ಹಿಡಿದರೆ 11.2 ವೋಲ್ಟ್. ಒಳಗಿನ ಬ್ಯಾಟರಿ ಕಥೆ ಮುಗಿದಿತ್ತು. ಪುಣ್ಯಕ್ಕೆ ಇಂಜಿನ್ ಬ್ಯಾಟರಿ ಬೇರೆಯೇ ಇದೆ.

ದಾವಣಗೆರೆಗೆ ಬಂದವನೇ 150 ಎಎಚ್ (ಆಂಪಿಯರ್-ಅವರ್, ಅಂದ್ರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಟ್ಯೂಬುಲರ್ ತಂದೆ, ಮನೆ ಇನ್ವರ್ಟರಿಗೆ ಹಾಕೋ ಥರದ ಸೀಸದ ಬ್ಯಾಟರಿ. ಎಎಚ್ ಒಂದೇ ನೋಡಿದ್ದೆ. ಮಂಚದ ಕೆಳಗೆ ಇರೋದು 26 ಸೆಂಟಿಮೀಟರ್ ಎತ್ತರ, ಈ ಪುಣ್ಯಾತ್ಮ 40ರ ಮೇಲೆ! ಇಬ್ಬರು ಏದುಸಿರು ಬಿಟ್ಟು ಹೊತ್ತು ತಂದಿದ್ದನ್ನು ಹಾಗೇ ವಾಪಸ್ ಹೊತ್ತೆವು. “ಮೊದ್ಲೇ ಅಳತೆ ತಗೋಬಾರದಿತ್ತೇನ್ರೀ?” ಅಂದಳು ನನ್ನಾಕೆ. ಏನು ಹೇಳಲಿ?

ಆಮೇಲೆ ಲೆಕ್ಕಕ್ಕೆ ಕೂತೆ. ಫ್ರಿಜ್ 45 ವ್ಯಾಟ್, ದಿನದಲ್ಲಿ ಅರ್ಧ ಹೊತ್ತು ಓಡುತ್ತೆ ಅಂದುಕೊಂಡರೆ 12 ವೋಲ್ಟಿಗೆ 45 ಎಎಚ್. ಫ್ಯಾನು, ಲೈಟು, ಮೊಬೈಲಿಗೆ ಇನ್ನೊಂದು 25. ಸೀಸದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತೆ, ಹಾಗಾಗಿ ಅದರಲ್ಲಿ 150 ಬೇಕೇ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆದರೆ 80-90 ಪರ್ಸೆಂಟ್ ಬಳಸಬಹುದು, 100 ಸಾಕು. ತೂಕವೂ 12 ಕೆಜಿ ಆಸುಪಾಸು. ರೇಟ್ ಕೇಳಿದರೆ ಮಾತ್ರ ಹೊಟ್ಟೆ ಉರಿಯುತ್ತೆ. ಆದರೂ ಲಿಥಿಯಂನೇ ತಗೊಳ್ಳೋಣ ಅಂದುಕೊಂಡೆ.

ಈ ಸಲ ದುಡ್ಡು ಕೊಡುವ ಮೊದಲು ಆ ಬ್ಯಾಟರಿ ಅಳತೆಗೇ ರಟ್ಟಿನ ಡಬ್ಬಿ ಮಾಡಿದೆ: ಉದ್ದ 33, ಅಗಲ 17, ಎತ್ತರ 22. ಟರ್ಮಿನಲ್ ಬರುವ ಕಡೆ ಎರಡು ಬಾಟಲಿ ಮುಚ್ಚಳ ಅಂಟಿಸಿದೆ. ಒಳಗೆ ಸಲೀಸಾಗಿ ಕೂತಿತು. ಆದರೆ ಪ್ಲಸ್ ಎಡಕ್ಕೆ ಬಂತು, ನಮ್ಮ ಕೆಂಪು ಕೇಬಲ್ ಬಲಕ್ಕೆ, ನಾಲ್ಕು ಬೆರಳು ಗಿಡ್ಡ. ತಿರುಗಿಸಿಡೋಣ ಅಂದ್ರೆ ಟರ್ಮಿನಲ್ ಗೋಡೆಗೆ ಹೋಗಿ ಸ್ಪ್ಯಾನರ್ ಆಡಲ್ಲ. ಕೇಬಲ್ಲೇ ಹೊಸದು ಹಾಕಿಸಿದೆ. ರಟ್ಟಿನಲ್ಲಿ ಗೊತ್ತಾಗಿದ್ದು ಒಳ್ಳೇದಾಯ್ತು ಅಲ್ವಾ?

ಚಾರ್ಜಿಂಗ್ ಕಡೆ ಸುಮ್ನೆ ಬಿಡೋ ಹಾಗಿಲ್ಲ. ಲಿಥಿಯಂ ಸಿಕ್ಕಷ್ಟು ಕರೆಂಟ್ ಎಳೆಯುತ್ತೆ, ನೇರ ಕೊಟ್ಟರೆ ಇಂಜಿನ್ ಓಡುವಾಗ ಕರೆಂಟ್ ಮಾಡೋ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ಅದಕ್ಕೇ ನಡುವೆ ಕರೆಂಟಿಗೆ ಮಿತಿ ಹಾಕೋ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಕೂರಿಸಿದೆ. ಸೋಲಾರ್ ಕಂಟ್ರೋಲರ್‌ನಲ್ಲಿ ಲಿಥಿಯಂ ಸೆಟ್ಟಿಂಗ್ ಹಾಕಿ, ಸೀಸದ ಬ್ಯಾಟರಿಗೆ ಆಗಾಗ ಜಾಸ್ತಿ ವೋಲ್ಟ್ ಕೊಡೋ ಈಕ್ವಲೈಸ್ ಬಂದ್ ಮಾಡಿದೆ. ಇಂಜಿನ್ ಕಡೆ ಜಾಗ ಇತ್ತು, ಆದರೆ ನಮ್ಮೂರ ಏಪ್ರಿಲ್ ಬಿಸಿಲಿಗೆ ಇಂಜಿನ್ ಕಾವೂ ಸೇರಿದರೆ ಬ್ಯಾಟರಿ ಚಾರ್ಜ್ ಆಗೋದನ್ನೇ ನಿಲ್ಲಿಸಿಬಿಡುತ್ತೆ. ಮಂಚದ ಕೆಳಗೇ ಇಟ್ಟೆ.

ಹೋದ ವಾರ ಸೂಳೆಕೆರೆ ಹತ್ತಿರ ಒಂದು ರಾತ್ರಿ ನಿಂತೆವು. ಬೆಳಿಗ್ಗೆ ಫ್ರಿಜ್ ಗುಂಯ್ ಅಂತಿತ್ತು. ಮೀಟರ್ 13.1 ವೋಲ್ಟ್, ಬ್ಯಾಟರಿಯಲ್ಲಿ ಇನ್ನೂ ದಮ್ಮಿತ್ತು.