ಸ್ಕೂಟಿ ಬಿಟ್ಟು ನೂರು ಸಿಸಿ ಗೇರ್ ಗಾಡಿ ಹಿಡಿದ ನನ್ನ ಅನುಭವ

ಹಳೇ ಸ್ಪ್ಲೆಂಡರ್ ತಗೊಂಡೆ, ಅದರ ಮೇಲೇ ಕಲಿತೆ, ಎರಡು ವರ್ಷದಷ್ಟು ಓಡಿಸಿ ಕೊಂಡ ರೇಟಿಗಿಂತ ಸ್ವಲ್ಪ ಹೆಚ್ಚಿಗೇ ಮಾರಿದೆ. ಹುಬ್ಬಳ್ಳಿಯಲ್ಲಿ ಇದನ್ನು ಈಗಲೂ ನಂಬದವರಿದ್ದಾರೆ. "ಐದು ಅಡಿ ಅದಿ, ನಿನಗ್ಯಾಕ ಗೇರ್ ಗಾಡಿ? ಸುಮ್ನ ಸ್ಕೂಟಿ ತಗೋ" ಅಂದವರು ಕೆಲವರು. "ತಗೊಳ್ಳೋದಾದ್ರ 150 ತಗೋ, ನೂರು ಸಿಸಿ ಹಾಲಿನವರ ಗಾಡಿ" ಅಂದವರು ಉಳಿದವರು. ಯಾರ ಮಾತೂ ನಾನು ಕೇಳಲಿಲ್ಲ.

ಗೇರ್ ಗಾಡಿಯ ಮೇಲೆ ಟೆಸ್ಟ್ ಪಾಸಾದರೆ ಸ್ಕೂಟಿಯನ್ನೂ ಓಡಿಸಬಹುದು. ಸ್ಕೂಟಿಯ ಲೈಸೆನ್ಸಿನಲ್ಲಿ ಗೇರ್ ಗಾಡಿ ಮುಟ್ಟುವ ಹಾಗಿಲ್ಲ. ಜೊತೆಗೆ ನನ್ನ ತವರು ಗದಗ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಅಲ್ಲಿಯ ಎರಿ ಮಣ್ಣು, ಅಂದರೆ ಅಂಟುವ ಕಪ್ಪು ಮಣ್ಣು, ಮಡ್‌ಗಾರ್ಡಿಗೆ ಮೆತ್ತಿಕೊಂಡರೆ ಗಾಲಿ ತಿರುಗುವುದೇ ಇಲ್ಲ. ಅಂಥ ದಾರಿಗೆ ನನಗೆ ಸ್ಕೂಟಿಯ ಸಣ್ಣ ಗಾಲಿಯಲ್ಲ, 18 ಇಂಚಿನ ಗಾಲಿಯೇ ಬೇಕಿತ್ತು.

ಆರಿಸುವಾಗ ಎಲ್ಲರೂ ಸೀಟಿನ ಎತ್ತರ ಕೇಳುತ್ತಾರೆ. ಸ್ಪ್ಲೆಂಡರಿನ ಸೀಟು 785 ಮಿ.ಮೀ., ಪಲ್ಸರ್ 150ರದ್ದೂ ಅಷ್ಟೇ. ತೂಕ ನೋಡಿ: ಒಂದು 110 ಕೆಜಿ ಆಸುಪಾಸು, ಇನ್ನೊಂದು 145ರ ಮೇಲೆ. 350 ಸಿಸಿಯವು 190 ಕೆಜಿ ಮುಟ್ಟುತ್ತವೆ. ನನ್ನ ಪರೀಕ್ಷೆ ಬೇರೆಯೇ ಇತ್ತು. ಎಂಜಿನ್ ಬಂದ್ ಮಾಡಿ, ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ, ಸೀಟಿನ ಮೇಲೆ ಕೂತೇ ಕಾಲಿನಿಂದ ಹಿಂದಕ್ಕೆ ತಳ್ಳಬೇಕು. ಆಮೇಲೆ ಗಾಡಿಯನ್ನು ನೆಲಕ್ಕೆ ಮಲಗಿಸಿ ಒಬ್ಬಳೇ ಎತ್ತಬೇಕು. ಅಣ್ಣನ 150 ತಳ್ಳುವುದರಲ್ಲೇ ಫೇಲಾಯಿತು. ಮಾವನ 350ಯನ್ನು ಎತ್ತಲು ಮೂವರು ಬೇಕಾದರು. ನೂರು ಸಿಸಿ ಮಾತ್ರ ಎರಡರಲ್ಲೂ ಪಾಸು. ಹುಬ್ಬಳ್ಳಿಯ ಮಾರ್ಕೆಟ್ ದುರ್ಗದಬೈಲಿನಲ್ಲಿ ಸಂಜೆ ಹೊತ್ತು ನಾಲ್ಕು ಗಾಡಿ ನಡುವೆ ಸಿಕ್ಕಿದ್ದನ್ನು ಎಳೆದು ತೆಗೆದವರಿಗೆ ಈ ಪರೀಕ್ಷೆಯ ಬೆಲೆ ಗೊತ್ತು.

ಹುಡುಕಾಟಕ್ಕೆ ಎರಡು ತಿಂಗಳಾದರೂ ಹಿಡಿಯಿತು. ಹಾವೇರಿ ಕಡೆಯ ಕೆಎ-27 ಗಾಡಿಯೊಂದು 22 ಸಾವಿರಕ್ಕೆ ಸಿಗುತ್ತಿತ್ತು, ನೋಡಲಿಕ್ಕೆ ಹೊಸದರಂತೆ ಇತ್ತು. ಆದರೆ ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಹಾಗೇ ಉಳಿದಿತ್ತು. ಸಾಲ ತೀರಿದೆ ಅಂತ ಬ್ಯಾಂಕು ಸಹಿ ಹಾಕಿದ ಫಾರ್ಮ್ 35 ತಂದುಕೊಡಿ ಅಂದೆ. ಮಾರುವವನು ಆಮೇಲೆ ಫೋನೇ ಎತ್ತಲಿಲ್ಲ. ಇನ್ನೊಂದು ಕೇಶ್ವಾಪುರದಲ್ಲಿ ಸಿಕ್ಕಿತು. ನಾನು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದ. ಸೈಲೆನ್ಸರ್ ಮುಟ್ಟಿ ನೋಡಿ ವಾಪಸ್ ಬಂದೆ. ಬಿಸಿ ಎಂಜಿನ್ ಸ್ಟಾರ್ಟಿಂಗಿನ ತೊಂದರೆ ಮುಚ್ಚಿಬಿಡುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸದ ಗಾಡಿಗೆ ಒಂದು ರೂಪಾಯಿ ಕೊಡಬಾರದು.

ಕೊನೆಗೆ ಸಿಕ್ಕಿದ್ದು ಧಾರವಾಡದ ಕೆಎ-25 ನಂಬರಿನ 2014ರ ಗಾಡಿ, ಒಬ್ಬರೇ ಮಾಲೀಕರು, ಕೇಳಿದ್ದು 33 ಸಾವಿರ, ಮುಗಿದದ್ದು 27ಕ್ಕೆ. ಆ ಆರು ಸಾವಿರ ಹೇಗೆ ಇಳಿಸಿದೆ ಅನ್ನುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಮುಂದಿನ ಗಾಡಿಗೂ ಅದೇ ಬೇಕು. 2014ರದ್ದೇ ಯಾಕೆ? ಆರ್‌ಸಿ 15 ವರ್ಷಕ್ಕೆ, ಅಂದರೆ 2029ರವರೆಗೆ ಅವಧಿ ಇತ್ತು. 2008, 2009ರ ಗಾಡಿ ಅಗ್ಗಕ್ಕೆ ಸಿಗುತ್ತಿದ್ದವು, ಆದರೆ ಅವಧಿ ಮುಗಿಯುತ್ತ ಬಂದದ್ದಕ್ಕೆ ಮಾರುವಾಗ ಗಿರಾಕಿ ಬರುತ್ತಿರಲಿಲ್ಲ.

ಖರ್ಚಿನ ಲೆಕ್ಕ: ಹಿಂದಿನ ಟೈರು 1,600ರ ಸುಮಾರು, ಚೈನ್ ಸ್ಪ್ರಾಕೆಟ್ ಸಾವಿರ ಚಿಲ್ಲರೆ, ಕ್ರ್ಯಾಶ್ ಗಾರ್ಡ್ 700, ಥರ್ಡ್ ಪಾರ್ಟಿ ಇನ್ಶುರೆನ್ಸ್ 700 ಚಿಲ್ಲರೆ, ಟ್ರಾನ್ಸ್‌ಫರ್ ಓಡಾಟ ಸೇರಿ ಒಟ್ಟು ಐದೂವರೆ ಸಾವಿರ. ಕ್ಲಚ್ ಪ್ಲೇಟ್ ಬದಲಿಸಿ ಅಂತ ಮೆಕ್ಯಾನಿಕ್ ಒತ್ತಾಯ ಮಾಡಿದರು. ಬೇಡ ಅಂದೆ. ಕಲಿಯುವವರು ಹಾಫ್ ಕ್ಲಚ್ಚಿನಲ್ಲೇ, ಅಂದರೆ ಕ್ಲಚ್ ಅರ್ಧ ಹಿಡಿದುಕೊಂಡೇ, ಗಾಡಿ ಓಡಿಸುತ್ತಾರೆ. ಹೊಸ ಪ್ಲೇಟ್ ಹಾಕಿ ಸುಡುವುದಕ್ಕಿಂತ ಹಳೆಯದನ್ನೇ ಸುಟ್ಟು, ಕಲಿತ ಮೇಲೆ ಹೊಸದು ಹಾಕಿಸುವುದು ಲೇಸು. ಹಾಗೇ ಮಾಡಿದೆ. ಇನ್ನೊಂದು: ಕ್ಲಚ್, ಬ್ರೇಕ್ ಲಿವರುಗಳ ಹಿಡಿಕೆಯ ಬೋಲ್ಟನ್ನು ಪೂರ್ತಿ ಬಿಗಿ ಮಾಡಿಸಲಿಲ್ಲ. ಗಾಡಿ ಬಿದ್ದರೆ ಲಿವರ್ ತಿರುಗುತ್ತದೆ, ಮುರಿಯುವುದಿಲ್ಲ. ಗಾಡಿ ಬಿದ್ದದ್ದು ಎಷ್ಟೋ ಸಲ, ಆದರೂ ಒಂದು ಲಿವರ್ ಕೂಡ ಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ನವನಗರದ ಒಳರಸ್ತೆಗಳು, ಆಮೇಲೆ ನೃಪತುಂಗ ಬೆಟ್ಟದ ಏರು. ಏರಿನಲ್ಲಿ ನಿಲ್ಲಿಸಿ, ಹಿಂದಿನ ಬ್ರೇಕ್ ತುಳಿದು, ಹಿಂದಕ್ಕೆ ಜಾರದೆ ಮತ್ತೆ ಹೊರಡುವುದು ಬರುವವರೆಗೆ ಗಾಡಿಗಳಿಂದ ಗಿಜಿಗುಡುವ ಚನ್ನಮ್ಮ ಸರ್ಕಲ್ ಕಡೆ ಹೋಗಲಿಲ್ಲ. ಕಲಿಕಾ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ; 30 ದಿನ ಆದ ಕೂಡಲೇ ಟೆಸ್ಟಿಗೆ ಓಡುವವರಿದ್ದಾರೆ. ನಾನು ನಾಲ್ಕನೇ ತಿಂಗಳು ಹೋದೆ, ಕಾಲು ನೆಲಕ್ಕೆ ಊರದೆ ಎಂಟು ಹಾಕಿ ಬಂದೆ.

ನಡುವೆ ಸೀಟಿನ ಸ್ಪಂಜನ್ನು ಒಂದು ಇಂಚು ಕೊಯ್ಯಿಸಿ ನೋಡಿದೆ. ಕಾಲು ಚೆನ್ನಾಗಿ ಊರಿತು, ಆದರೆ ಅಣ್ಣಿಗೇರಿ ದಾಟುವಷ್ಟರಲ್ಲಿ ಸೊಂಟ ಹಿಡಿಯಿತು. ಸ್ಪಂಜು ವಾಪಸ್ ತುಂಬಿಸಿದೆ. ಮುನ್ನೂರು ರೂಪಾಯಿ ಹೋಯಿತು. ದಪ್ಪ ಅಟ್ಟೆಯ ಶೂ ಅದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಿತು. ಮೈಲೇಜನ್ನೂ ಟ್ಯಾಂಕ್ ಫುಲ್ ಮಾಡಿಸಿ ಅಳೆದೆ: ಗದಗ ರಸ್ತೆಯಲ್ಲಿ 45ರ ವೇಗಕ್ಕೆ ಲೀಟರಿಗೆ 65 ಕಿ.ಮೀ. ಹತ್ತಿರ, 65ರ ವೇಗದಲ್ಲಿ ಹೊಡೆದರೆ 55 ಕಿ.ಮೀ. ಬರುವುದೇ ಕಷ್ಟ.

ಸ್ಪ್ಲೆಂಡರ್ ಮಾರಿದಾಗ ಬಂದದ್ದು 29 ಸಾವಿರ. ಕ್ಲಚ್ ಪ್ಲೇಟೂ ಸೇರಿ ನನ್ನ ಕೈಯಿಂದ ಹೋದದ್ದು ಐದು ಸಾವಿರದ ಒಳಗೆ, ಅದೂ ಎರಡು ವರ್ಷದ ಓಡಾಟಕ್ಕೆ. ಅದೇ ಹೊತ್ತಿಗೆ ಷೋರೂಮಿನಿಂದ ಹೊಸ ಗಾಡಿ ತಂದ ಗೆಳತಿ ಮಾರುವಾಗ ಮೂವತ್ತು ಸಾವಿರ ಕಳೆದುಕೊಂಡಳು. ಸ್ಪ್ಲೆಂಡರಿನಲ್ಲಿ ನಾಲ್ಕೂ ಗೇರ್ ಮುಂದಕ್ಕೇ ತುಳಿಯುವುದು, ಅದನ್ನು ಮಾರಿ ತಗೊಂಡ ಈಗಿನ ನನ್ನ 150ಯಲ್ಲಿ ಒಂದು ಕೆಳಗೆ, ಉಳಿದವು ಮೇಲೆ. ಎಲ್ಲ ಮೊದಲಿಂದ ಕಲಿಯಬೇಕಾಗುತ್ತದೆ ಅಂತ ಹೆದರಿಸಿದ್ದರು. ಒಂದು ವಾರ ಕಾಲು ತಡಕಾಡಿತು, ಅಷ್ಟೇ. ಮಾರುವವರು ಟ್ರಾನ್ಸ್‌ಫರಿನ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೈತೊಳೆದುಕೊಳ್ಳಬೇಡಿ. ಆರ್‌ಸಿ ಕೊಂಡವರ ಹೆಸರಿಗೆ ಆಗುವವರೆಗೆ ಬೆನ್ನು ಹತ್ತಿ. ನಾನು ಹೊಸ ಆರ್‌ಸಿಯ ಫೋಟೋ ಕಳಿಸಿಕೊಂಡ ಮೇಲೆಯೇ ಎರಡನೇ ಕೀಲಿ ಕೊಟ್ಟೆ.