ಹೊಸ ಮನೆಯ ಕೀಲಿಕೈ ಬರಲಿ, ಆಮೇಲೆ ನೋಟಿಸು

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಖರೀದಿ ಪತ್ರಕ್ಕೆ ಹೆಬ್ಬೆರಳು ಒತ್ತಿ ಬಂದ ಸಂಜೆಯೇ ಪೇಢೆ ಡಬ್ಬಿ ಹಿಡಿದು ಬಾಡಿಗೆ ಮನೆಯ ಮಾಲೀಕರ ಬಾಗಿಲಿಗೆ ಹೋಗುವವರಿದ್ದಾರೆ. ‘ಸ್ವಂತ ಮನಿ ಆತ್ರೀ ಕಾಕಾ, ಮುಂದಿನ ತಿಂಗಳು ಖಾಲಿ ಮಾಡ್ತೀವಿ’ ಎಂದು ಹೇಳಿಯೂ ಬಿಡುತ್ತಾರೆ. ಕಾಕಾ ಸುಮ್ಮನೆ ಕೂರುವುದಿಲ್ಲ. ಎರಡು ದಿನದಲ್ಲಿ ಏಜೆಂಟನಿಗೆ ಸುದ್ದಿ ಮುಟ್ಟುತ್ತದೆ, ವಾರದೊಳಗೆ ಮತ್ತೊಬ್ಬರು ಟೋಕನ್ ರೊಕ್ಕ ಕೊಟ್ಟು ಹೋಗುತ್ತಾರೆ. ಇತ್ತ ಹೊಸ ಮನೆಗೆ ಇನ್ನೂ ಮೀಟರ್ ಕೂತಿರುವುದಿಲ್ಲ, ಬಚ್ಚಲಿಗೆ ಟೈಲ್ಸ್ ಆಗಿರುವುದಿಲ್ಲ. ‘ಇನ್ನೊಂದು ತಿಂಗಳು ಇರ್ತೀವ್ರೀ’ ಎಂದು ಕೇಳಹೋದರೆ ಆ ಹೊತ್ತಿಗೆ ಮಾತು ಕೈಮೀರಿರುತ್ತದೆ.

ನೋಂದಣಿಯಾದ ದಿನಕ್ಕೂ ನೋಟಿಸು ಕೊಡುವ ದಿನಕ್ಕೂ ಸಂಬಂಧವಿಲ್ಲ. ಹೊಸ ಮನೆಯಲ್ಲಿ ರಾತ್ರಿ ಮಲಗಲು ಸಾಧ್ಯವಾಗುವ ದಿನ ಯಾವುದೆಂದು ಮೊದಲು ಗೊತ್ತು ಮಾಡಿಕೊಂಡು, ಅದಕ್ಕೆ ಎರಡು ವಾರ ಸೇರಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಬೇಕು.

ವಾಸಕ್ಕೆ ಆಗುತ್ತದೆಯೇ?

ಹೊಸ ಫ್ಲ್ಯಾಟ್ ಅಥವಾ ಹೊಸದಾಗಿ ಕಟ್ಟಿದ ಮನೆಯಾದರೆ ಮೊದಲು ಕೇಳಬೇಕಾದದ್ದು ಹುಬ್ಬಳ್ಳಿ ಭಾಗಕ್ಕೆ ವಿದ್ಯುತ್ ಕೊಡುವ ಹೆಸ್ಕಾಂ ಮೀಟರ್ ಬಗ್ಗೆ. ದೀಪ ಹತ್ತುತ್ತಿದೆ ಎಂಬುದಷ್ಟೇ ಸಾಲದು. ಕಟ್ಟಡ ಕಟ್ಟುವಾಗ ಪಡೆದ ತಾತ್ಕಾಲಿಕ ಸಂಪರ್ಕದಲ್ಲೇ ದೀಪ ಉರಿಯುತ್ತಿರಬಹುದು. ಅದರ ದರ ಗೃಹಬಳಕೆಯ ದರಕ್ಕಿಂತ ಬಹಳ ಹೆಚ್ಚು. ನಿಮ್ಮ ಮನೆಗೇ ಪ್ರತ್ಯೇಕ ಗ್ರಾಹಕ ಸಂಖ್ಯೆ, ಅಂದರೆ ಆರ್‌.ಆರ್‌. ನಂಬರ್ ಬಂದಿದೆಯೇ, ಅದು ಗೃಹಬಳಕೆಯದೇ ಎಂದು ಬಿಲ್ ಹಿಡಿದು ನೋಡಿ. ಸ್ವಾಧೀನಾನುಭವ ಪತ್ರ (ಕಟ್ಟಡ ವಾಸಕ್ಕೆ ಯೋಗ್ಯ ಎಂದು ಸ್ಥಳೀಯ ಸಂಸ್ಥೆ ಕೊಡುವ ಓ.ಸಿ.) ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲಂತೂ ‘ಮೀಟರ್ ನಾಳೆ ಬರ್ತದ್ರೀ’ ಎಂಬ ಬಿಲ್ಡರ್ ಮಾತನ್ನು ನಂಬಿ ತಾರೀಖು ಗೊತ್ತು ಮಾಡುವುದು ಜಾಣತನವಲ್ಲ.

ನೀರಿನದೂ ಅಷ್ಟೇ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಎಷ್ಟೋ ಬಡಾವಣೆಗಳಿಗೆ ಮಲಪ್ರಭಾ ನೀರು ನಾಲ್ಕಾರು ದಿನಕ್ಕೊಮ್ಮೆ ಬರುತ್ತದೆ. ನಳ ಇದೆಯೇ ಎಂದು ಕೇಳಿ ಬಿಡಬೇಡಿ. ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಸಂಪ್ ಎಷ್ಟು ಲೀಟರ್ ಹಿಡಿಯುತ್ತದೆ, ಒಳಚರಂಡಿ ಜೋಡಣೆ ಆಗಿದೆಯೇ ಎಂದು ಪಕ್ಕದ ಮನೆಯವರನ್ನು ವಿಚಾರಿಸಿ. ಒಮ್ಮೆ ಸಂಪ್ ತುಂಬಿಸಿ, ಮೋಟರ್ ಹಚ್ಚಿ, ಎಲ್ಲ ನಳಗಳನ್ನೂ ಬಿಟ್ಟು ನೋಡಿ. ಸೋರುವುದು, ಕಟ್ಟಿಕೊಳ್ಳುವುದು ಎಲ್ಲ ಅವತ್ತೇ ಕಾಣುತ್ತದೆ.

ಕೊಂಡದ್ದು ಹಳೆಯ ಮನೆಯಾಗಿದ್ದು ಅದರಲ್ಲಿ ಬಾಡಿಗೆದಾರರು ಇದ್ದರೆ? ಖರೀದಿಯೊಂದಿಗೆ ಮಾಲೀಕನ ಹಕ್ಕು, ಹೊಣೆ ಎರಡೂ ನಿಮಗೆ ಬರುತ್ತವೆ. ಅವರ ಡಿಪಾಸಿಟ್ ಎಷ್ಟೆಂದು ಕರಾರು ಪತ್ರದಲ್ಲಿ ನೋಡಿ, ಅಷ್ಟನ್ನು ಖರೀದಿ ಮೊತ್ತದಲ್ಲಿ ಮುರಿದುಕೊಳ್ಳದಿದ್ದರೆ ಅದನ್ನು ಹಿಂದಿರುಗಿಸುವ ತಲೆನೋವು ನಿಮ್ಮದೇ. ಅವರು ಹೊರಗೆ ಕಾಲಿಡುವ ತನಕ ನೀವು ನಿಮ್ಮ ಮಾಲೀಕರಿಗೆ ನೋಟಿಸು ಕೊಡಬೇಡಿ.

ಆಷಾಢದ ಲೆಕ್ಕ

ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ವಾಸ್ತುಶಾಂತಿ ಇಟ್ಟುಕೊಳ್ಳುವವರು ಈ ಭಾಗದಲ್ಲಿ ಕಡಿಮೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಆದರೆ ಮಾಲೀಕರಿಗೆ ಇದು ರೊಕ್ಕದ ಪ್ರಶ್ನೆ. ಜ್ಯೇಷ್ಠದ ಕೊನೆಗೆ ನೀವು ಮನೆ ಬಿಟ್ಟರೆ ಆಷಾಢ ಪೂರ್ತಿ ಅದು ಖಾಲಿ ಬೀಳುವ ಸಾಧ್ಯತೆ ಹೆಚ್ಚು. ಮಾಲೀಕರು ಮುಖ ಬಿಗಿ ಮಾಡುವುದು, ಡಿಪಾಸಿಟ್‌ನಲ್ಲಿ ಒಂದು ತಿಂಗಳು ಹಿಡಿಯಲು ನೋಡುವುದು ಇಂಥ ಹೊತ್ತಿನಲ್ಲೇ. ವಾಸ್ತುಶಾಂತಿಯ ದಿನವೇ ಸಾಮಾನು ಸಾಗಿಸಬೇಕೆಂದೇನಿಲ್ಲ. ಮುಹೂರ್ತಕ್ಕೆ ಹಾಲು ಉಕ್ಕಿಸಿ ಬಂದು ಇನ್ನೊಂದು ತಿಂಗಳು ಬಾಡಿಗೆ ಮನೆಯಲ್ಲೇ ಇರುವವರು ಬೇಕಾದಷ್ಟು ಜನ.

ಕರಾರು ಪತ್ರ ಏನು ಹೇಳುತ್ತದೆ

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಅದಕ್ಕೇ ನಮ್ಮಲ್ಲಿ ಎಲ್ಲ ಕರಾರೂ 11 ತಿಂಗಳಿನದು. ಆ 11 ತಿಂಗಳು ಎಂದೋ ಮುಗಿದಿರುತ್ತದೆ, ನೀವು ಬಾಡಿಗೆ ಕೊಡುತ್ತಿರುತ್ತೀರಿ, ಅವರು ತೆಗೆದುಕೊಳ್ಳುತ್ತಿರುತ್ತಾರೆ. ಆಗ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎನಿಸುತ್ತದೆ. ಬೇರೆ ಕರಾರು ಇಲ್ಲದಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನದ ನೋಟಿಸು ಸಾಕು. ಆದರೆ ಕರಾರಿನಲ್ಲಿ ಒಂದು ತಿಂಗಳು ಅಥವಾ ಎರಡು ತಿಂಗಳು ಎಂದು ಬರೆದಿದ್ದರೆ, ಅವಧಿ ಮುಗಿದಿದ್ದರೂ ಅದನ್ನೇ ಪಾಲಿಸುವುದು ಕ್ಷೇಮ. 15 ದಿನದ ಕಾನೂನು ತೋರಿಸಿ ಜಗಳಕ್ಕಿಳಿದರೆ ಡಿಪಾಸಿಟ್ ಅವರ ಕೈಯಲ್ಲಿದೆ ಎಂಬುದು ನೆನಪಿರಲಿ. ಕನಿಷ್ಠ ಇಷ್ಟು ತಿಂಗಳು ಇರಲೇಬೇಕು, ಬಿಡುವಾಗ ಸುಣ್ಣ-ಬಣ್ಣದ ಖರ್ಚು ಬಾಡಿಗೆದಾರನದು ಎಂಬ ಸಾಲುಗಳನ್ನೂ ಹುಡುಕಿ.

ದಿನ ಎಣಿಸುವಾಗ ಬಹಳ ಜನ ಎಡವುತ್ತಾರೆ. ನೋಟಿಸಿನ ಅವಧಿ ಶುರುವಾಗುವುದು ಅದು ಮಾಲೀಕರ ಕೈಗೆ ಸೇರಿದ ದಿನದಿಂದ, ನೀವು ಬರೆದ ದಿನದಿಂದಲ್ಲ. ನಿಮ್ಮ ಬಾಡಿಗೆ ತಿಂಗಳು 1ನೇ ತಾರೀಖಿಗೆ ಶುರುವಾಗುತ್ತದೆ, ಕರಾರಿನಂತೆ ಒಂದು ತಿಂಗಳ ನೋಟಿಸು ಬೇಕು, ಮೇ 31ಕ್ಕೆ ಬಿಡಬೇಕು ಎಂದಿಟ್ಟುಕೊಳ್ಳಿ. ಪತ್ರ ಏಪ್ರಿಲ್ 30ರೊಳಗೆ ಮುಟ್ಟಿರಬೇಕು. ಮೇ 3ಕ್ಕೆ ಕೊಟ್ಟರೆ ತಿಂಗಳು ತುಂಬುವುದು ಜೂನ್‌ನಲ್ಲಿ. ಆ ಮೂರು ದಿನಕ್ಕೆ ಜೂನ್ ಪೂರ್ತಿ ಬಾಡಿಗೆ ಕೇಳುವ ಮಾಲೀಕರೇ ಹೆಚ್ಚು.

ಪತ್ರ

ಬಾಯಿಮಾತು ಬೇಡ, ಬರೀ ವಾಟ್ಸ್‌ಆ್ಯಪ್ ಕೂಡ ಬೇಡ. ಕಾಗದದ ಮೇಲೆ ಸಹಿ ಮಾಡಿ ಕೈಯಲ್ಲಿ ಕೊಡಿ, ಅದರ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲೂ ಕಳಿಸಿ. ಕರಾರಿಗೆ ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿದ್ದರೆ ನೋಟಿಸಿಗೂ ಇಬ್ಬರ ಸಹಿ ಬೇಕು. ಮಾಲೀಕರು ತೀರಿಕೊಂಡು ಅಣ್ಣತಮ್ಮಂದಿರು ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ ಎಲ್ಲರ ಹೆಸರನ್ನೂ ಬರೆಯಿರಿ. ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಗೊತ್ತಿಲ್ಲದ ಹಾಗಾದರೆ ಡಿಪಾಸಿಟ್ ಯಾರೂ ಕೊಡುವುದಿಲ್ಲ. ಪತ್ರ ಹೀಗಿದ್ದರೆ ಸಾಕು:

‘ದಿನಾಂಕ … ರ ಕರಾರಿನಂತೆ ತಮ್ಮ ಮನೆಯಲ್ಲಿ (ವಿಳಾಸ) ನಾವು ಬಾಡಿಗೆಗೆ ಇದ್ದೇವೆ. ಸ್ವಂತ ಮನೆ ಖರೀದಿಸಿರುವುದರಿಂದ, ಕರಾರಿನ … ನೇ ಷರತ್ತಿನಂತೆ ಒಂದು ತಿಂಗಳ ನೋಟಿಸು ನೀಡುತ್ತಿದ್ದು, ಮೇ 31ರಂದು ಮನೆ ಖಾಲಿ ಮಾಡಿ ಕೀಲಿಕೈಗಳನ್ನು ಒಪ್ಪಿಸುತ್ತೇವೆ. ಅಲ್ಲಿಯ ತನಕದ ಬಾಡಿಗೆ ಸಲ್ಲಿಸುತ್ತೇವೆ. ನಾವು ಕೊಟ್ಟಿರುವ ಡಿಪಾಸಿಟ್ 60,000 ರೂಪಾಯಿಯನ್ನು ಅದೇ ದಿನ ಕೆಳಗಿನ ಖಾತೆಗೆ ಹಿಂದಿರುಗಿಸಬೇಕೆಂದು ವಿನಂತಿ. ಮೇ 20ರಂದು ಮನೆಯನ್ನು ಒಟ್ಟಿಗೆ ನೋಡಲು ತಾವು ಬರಬೇಕು.’

ಎರಡು ಪ್ರತಿ ತೆಗೆದು, ಒಂದರ ಮೇಲೆ ‘ಮುಟ್ಟಿತು’ ಎಂದು ತಾರೀಖಿನೊಂದಿಗೆ ಸಹಿ ಹಾಕಿಸಿಕೊಳ್ಳಿ. ‘ಸಹಿ ಯಾಕ್ರೀ, ನಂಬಿಕಿ ಇಲ್ಲೇನು?’ ಎಂದರೆ ‘ಬ್ಯಾಂಕಿನ ಸಾಲದ ಫೈಲಿಗೆ ಬೇಕ್ರೀ’ ಎನ್ನಿ. ಸಣ್ಣ ಸುಳ್ಳು, ಆದರೆ ಮನಸ್ತಾಪ ತಪ್ಪುತ್ತದೆ. ಮಾಲೀಕರು ಬೇರೆ ಊರಿನಲ್ಲಿದ್ದರೆ ಅಂಚೆಯಲ್ಲಿ ಕಳಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಗಿದೆ. ಕೌಂಟರ್‌ನಲ್ಲಿ ಸ್ಪೀಡ್ ಪೋಸ್ಟ್ ಕೇಳಿ, ಮುಟ್ಟಿದ್ದಕ್ಕೆ ಪುರಾವೆಯನ್ನೂ ಕೇಳಿ.

ಡಿಪಾಸಿಟ್

ಹತ್ತರಲ್ಲಿ ಎಂಟು ಜಗಳ ಇಲ್ಲೇ ಹುಟ್ಟುವುದು ಎಂದು ಯಾವ ಏಜೆಂಟನನ್ನು ಕೇಳಿದರೂ ಹೇಳುತ್ತಾನೆ. ಕಾರಣ ಸರಳ. ಮಾಲೀಕರು ಆ ರೊಕ್ಕವನ್ನು ಎತ್ತಿಟ್ಟಿರುವುದಿಲ್ಲ, ಎಂದೋ ಖರ್ಚಾಗಿರುತ್ತದೆ. ಮುಂದಿನವರ ಡಿಪಾಸಿಟ್ ಬಂದರೆ ನಿಮ್ಮದು ಕೊಡುತ್ತಾರೆ. ಹೊಸ ಮನೆಯ ಕಪಾಟಿಗೋ ಕಿಟಕಿಯ ಗ್ರಿಲ್ಲಿಗೋ ಈ ಹಣವನ್ನೇ ನೆಚ್ಚಿಕೊಂಡು ಬಡಿಗನಿಗೆ ಮಾತು ಕೊಡಬೇಡಿ. ತಿಂಗಳ ಬಾಡಿಗೆ ಇಲ್ಲದೆ ಐದು, ಹತ್ತು ಲಕ್ಷ ಒಮ್ಮೆಲೇ ಕೊಟ್ಟು ‘ಲೀಸ್’ಗೆ ಕೂತವರಿಗಂತೂ ಇದು ಜೀವನದ ಗಂಟು. ಅಂಥವರು ಕರಾರಿನಲ್ಲಿ ಎಷ್ಟೇ ಬರೆದಿರಲಿ, ಮೂರು ತಿಂಗಳು ಮೊದಲೇ ತಿಳಿಸಬೇಕು. ಖರೀದಿಯ ಮುಂಗಡದಲ್ಲಿ ಆ ಮೊತ್ತವನ್ನು ಲೆಕ್ಕಕ್ಕೆ ಹಿಡಿಯಲೂಬಾರದು.

ಮನೆ ಬಿಡುವ ಹತ್ತು ದಿನ ಮುಂಚೆ ಮಾಲೀಕರನ್ನು ಕರೆದು ಮನೆ ತೋರಿಸಿ. ಮೊಳೆಯ ತೂತು, ಮಾಸಿದ ಬಣ್ಣ, ಸಡಿಲಾದ ನಳ ಇವೆಲ್ಲ ವಾಸದಿಂದ ಆಗುವ ಸಹಜ ಸವೆತ. ಸಹಜ ಸವೆತ ಬಿಟ್ಟು ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲಿ ಒಪ್ಪಿಸಿದರಾಯಿತು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಹೇಳುತ್ತದೆ. ಸುಣ್ಣ-ಬಣ್ಣದ ಖರ್ಚು ಕರಾರಿನಲ್ಲಿ ಬರೆದಿದ್ದರೆ ಮಾತ್ರ ಕೊಡಬೇಕು. ಒಡೆದ ವಾಶ್‌ಬೇಸಿನ್ ಸವೆತವಲ್ಲ. ಅದನ್ನು ನೀವೇ ಪ್ಲಂಬರ್ ಕರೆಸಿ ಹಾಕಿಸುವುದು ಅಗ್ಗ. ನೀವು ಹಾಕಿಸಿದ ಗೀಸರ್, ಸೊಳ್ಳೆ ಜಾಳಿಗೆ, ಇನ್ವರ್ಟರ್ ನಿಮ್ಮವೇ, ಬಿಚ್ಚಿಕೊಂಡು ಹೋಗಬಹುದು. ಆದರೆ ಕೀಲಿಕೈ ಕೊಡುವ ಮುಂಚೆ ಬಿಚ್ಚಬೇಕು, ಗೋಡೆ ಸರಿಪಡಿಸಬೇಕು. ಕೊಟ್ಟ ಮೇಲೆ ಹಕ್ಕು ಹೋಯಿತು.

ನೋಡಿದ ದಿನವೇ ಒಂದು ಹಾಳೆಯಲ್ಲಿ ಲೆಕ್ಕ ಬರೆದು ಇಬ್ಬರೂ ಸಹಿ ಮಾಡಿ. ಡಿಪಾಸಿಟ್ 60,000, ಬಾಡಿಗೆ ಬಾಕಿ ಇಲ್ಲ, ಕೊನೆಯ ಕರೆಂಟ್ ಬಿಲ್ಲಿಗೆ 700, ವಾಶ್‌ಬೇಸಿನ್ 1,800, ಬರಬೇಕಾದದ್ದು 57,500. ಪೂರ್ತಿ ಒಮ್ಮೆಲೇ ಕೊಡಲು ಆಗದು ಎಂದರೆ ಅರ್ಧ ಈಗ, ಅರ್ಧ ಕೀಲಿಕೈ ಕೊಡುವಾಗ ಎಂದು ಅಲ್ಲೇ ಬರೆಸಿ. ಕೊನೆಯ ದಿನ ಖಾತೆಗೆ ಹಣ ಬಂದ ಮೆಸೇಜ್ ನೋಡಿ ಕೀಲಿಕೈ ಕೊಡಿ. ಚೆಕ್ ಕೊಟ್ಟರೆ ಅದು ಪಾಸಾಗುವ ತನಕ ಒಂದು ಕೋಣೆಯಲ್ಲಿ ನಿಮ್ಮ ಸಾಮಾನು, ನಿಮ್ಮ ಕೀಲಿ ಇರಲಿ.

‘ಕೊನೆಯ ಎರಡು ತಿಂಗಳು ಬಾಡಿಗೆ ಕೊಡೋದಿಲ್ಲ, ಡಿಪಾಸಿಟ್‌ನಲ್ಲಿ ಮುರಕೊಳ್ರಿ’ ಎನ್ನುವುದು ಚಾಲ್ತಿಯಲ್ಲಿದೆ. ಮಾಲೀಕರು ಲಿಖಿತವಾಗಿ ಒಪ್ಪಿದರೆ ತಪ್ಪೇನಿಲ್ಲ. ಒಪ್ಪದಿದ್ದರೆ ಕಾನೂನಿನ ಕಣ್ಣಿಗೆ ಬಾಡಿಗೆ ಬಾಕಿ ಇಟ್ಟವರು ನೀವೇ ಆಗುತ್ತೀರಿ.

ಎಲ್ಲ ಮಾಡಿಯೂ ಹಣ ಬರದಿದ್ದರೆ 15 ದಿನದ ಗಡುವು ಕೊಟ್ಟು ಪತ್ರ, ಆಮೇಲೆ ವಕೀಲರ ನೋಟಿಸು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ದಾವೆಗೆ ಮುಂಚೆಯೇ ರಾಜಿಗೆ ಕೂರಿಸುತ್ತಾರೆ. ದಾವೆ ಹೂಡಲು ಮೂರು ವರ್ಷ ಅವಕಾಶವಿದೆ, ಆದರೆ ಅಷ್ಟು ಕಾಯಬೇಡಿ.

ಮೀಟರ್, ಗೃಹಜ್ಯೋತಿ, ವಿಳಾಸ

ಸಾಮಾನು ಸಾಗಿಸುವುದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಭಾನುವಾರ ಹಮಾಲರೂ ಗಾಡಿಯೂ ದುಬಾರಿ, ವಾರದ ನಡುವೆ ಇಟ್ಟುಕೊಳ್ಳಿ. ಸಾಮಾನು ಹೋದ ಮೇಲೆ ಖಾಲಿ ಕೋಣೆಗಳ ವಿಡಿಯೊ ಮಾಡಿ, ಆರ್‌.ಆರ್‌. ನಂಬರ್ ಮತ್ತು ರೀಡಿಂಗ್ ಎರಡೂ ಕಾಣುವಂತೆ ಮೀಟರ್ ಫೋಟೊ ತೆಗೆಯಿರಿ.

ಗೃಹಜ್ಯೋತಿಯನ್ನು ಮರೆಯುವವರೇ ಜಾಸ್ತಿ. ಹಳೆಯ ಮನೆಯ ಆರ್‌.ಆರ್‌. ನಂಬರಿಗೆ ನಿಮ್ಮ ಆಧಾರ್ ಜೋಡಣೆಯಾಗಿದ್ದರೆ ಅದನ್ನು ಬಿಡಿಸುವ ತನಕ ಹೊಸ ಮನೆಗೆ ಅರ್ಜಿ ನಡೆಯುವುದಿಲ್ಲ, ನಿಮ್ಮ ಜಾಗಕ್ಕೆ ಬಂದವರಿಗೂ ಸಿಗುವುದಿಲ್ಲ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಡಿ-ಲಿಂಕ್ ಆಯ್ಕೆ ಇದೆ, ಆಧಾರ್ ಜೋಡಿಸಿದ ಮೊಬೈಲ್‌ಗೆ ಓಟಿಪಿ ಬರುತ್ತದೆ. ಕೊನೆಯ ಬಿಲ್ ಕಟ್ಟಿದ ದಿನವೇ ಮಾಡಿ ಮುಗಿಸಿ.

ಸಂಬಳದಲ್ಲಿ ಮನೆ ಬಾಡಿಗೆ ವಿನಾಯಿತಿ ಪಡೆಯುವವರು ಬಿಡುವ ತಿಂಗಳ ತನಕದ ರಸೀದಿಗಳನ್ನು ಆಗಲೇ ತೆಗೆದುಕೊಳ್ಳಬೇಕು. ವರ್ಷದ ಬಾಡಿಗೆ 1 ಲಕ್ಷ ಮೀರಿದ್ದರೆ ಮಾಲೀಕರ ಪ್ಯಾನ್ ನಂಬರ್ ಬೇಕು. ಜನವರಿಯಲ್ಲಿ ಆಫೀಸಿನವರು ಕೇಳಿದಾಗ ಫೋನ್ ಮಾಡಿದರೆ ಹಳೆಯ ಮಾಲೀಕರು ಎತ್ತುತ್ತಾರೆಂಬ ಭರವಸೆ ಇಲ್ಲ. ಮತದಾರರ ಪಟ್ಟಿಗೆ ನಮೂನೆ 8. ಹುಬ್ಬಳ್ಳಿಯೊಳಗೇ ಮನೆ ಬದಲಿಸಿದರೂ ಪೂರ್ವದಿಂದ ಸೆಂಟ್ರಲ್‌ಗೋ ಪಶ್ಚಿಮಕ್ಕೋ ಕ್ಷೇತ್ರ ಬದಲಾಗಬಹುದು. ಆಧಾರ್ ವಿಳಾಸಕ್ಕೆ ಕರೆಂಟ್ ಬಿಲ್ ಕೊಡುವುದಾದರೆ ಅದು ನಿಮ್ಮ ಹೆಸರಿನಲ್ಲಿರಬೇಕು, ಹಾಗಾಗಿ ಮೊದಲು ಖರೀದಿ ಪತ್ರದ ಪ್ರತಿ ಕೊಟ್ಟು ಹೆಸ್ಕಾಂನಲ್ಲಿ ಹೆಸರು ಬದಲಿಸಿ. ಮನೆ ಸಾಲ ಕೊಟ್ಟ ಬ್ಯಾಂಕಿಗೂ ಅದೇ ವಾರ ಹೊಸ ವಿಳಾಸ ಬರೆದು ಕೊಡಿ. ಸಾಲದ ಅರ್ಜಿಯಲ್ಲಿ ಪತ್ರವ್ಯವಹಾರಕ್ಕೆ ಕೊಟ್ಟಿದ್ದು ಬಾಡಿಗೆ ಮನೆಯ ವಿಳಾಸ, ಅವರ ಲಕೋಟೆಗಳು ಇನ್ನೂ ಅಲ್ಲಿಗೇ ಹೋಗುತ್ತಿರುತ್ತವೆ.